ನನ್ನ ನೋಡ್ರಿ, ನನಗೇನಾಗ್ಯಾದ?

ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಸತ್ತವಳು ಎದ್ದು ಬಂದು ಜಗಳ ತೆಗೆದಾಳು; ಹೆಸರಿನ ವಿಷಯದಲ್ಲಿ ಅವಳದು ಅಷ್ಟು ಕಟ್ಟುನಿಟ್ಟು. ನಮ್ಮ ಕೋಣೆಯಲ್ಲಿ ಕೇಳಿದ ಒಂದೇ ಒಂದು ಹೆಸರನ್ನೂ ಅವಳು ಹೊಸ್ತಿಲಿನಾಚೆ ಒಯ್ದವಳಲ್ಲ.

ನಮ್ಮ ಕೋಣೆ ಎಂದರೆ ರಾಯಚೂರಿನ ಒಂದು ದೊಡ್ಡ ದವಾಖಾನೆಯ ಹಿಂಬದಿಯಲ್ಲಿ, ಎಕ್ಸ್‌ರೇ ವಿಭಾಗ ದಾಟಿ ಹೋದರೆ ಸಿಗುವ ಎಚ್‌ಐವಿ ಚಿಕಿತ್ಸೆಯ ಜಾಗ. ಅಲ್ಲಿ ನಾನು ಆಪ್ತ ಸಮಾಲೋಚಕಿ. ಹದಿನೇಳು ವರ್ಷದಿಂದ ಮಾನ್ವಿಯಿಂದ ಬಸ್ಸಿಗೆ ಬಂದು ಹೋಗುತ್ತಿದ್ದೇನೆ. ಗುಳಿಗೆ ಬರೆಯುವವರು ಡಾಕ್ಟರು, ಎಣಿಸಿ ಕೊಡುವವರು ಔಷಧಿ ಕೌಂಟರಿನವರು, ನನ್ನದು ಬರೀ ಮಾತಿನ ಕೆಲಸ. ಬಿಡಬೇಡಿ, ತಪ್ಪಿಸಬೇಡಿ, ಜೀವ ಇರೋವರೆಗೂ ದಿನಾ ನುಂಗಿ ಎಂದು ಹೇಳುವುದು. ಇಷ್ಟು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಮ್ಮ ಮನೆಯಲ್ಲಿ ನಾನು ನಿದ್ದೆಗಣ್ಣಿನಲ್ಲೂ ಇದನ್ನೇ ಬಡಬಡಿಸುತ್ತೇನೆಂದು ನಗುತ್ತಾರೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ದೇವದುರ್ಗದವಳು; ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಅಂದೆ. ಗಂಡ ಹೋದ ಮೇಲೆ ಪರೀಕ್ಷೆಗೆಂದು ಬಂದಳು, ತನಗೂ ಇದೆ ಎಂದು ತಿಳಿದಳು, ಎರಡು ದಿನ ಅತ್ತಳು, ಮೂರನೆಯ ದಿನ ಬಂದು ಗುಳಿಗೆ ಇಸಿದುಕೊಂಡಳು. ವರ್ಷ ಕಳೆಯುವುದರೊಳಗೆ ಒಂದು ಸಣ್ಣ ಸಂಸ್ಥೆಯವರು ಅವಳನ್ನು ಕೆಲಸಕ್ಕೆ ಹಚ್ಚಿದರು. ಗುಳಿಗೆ ಬಿಟ್ಟವರನ್ನು ಹುಡುಕುವುದು, ಬೈದೋ ಬೇಡಿಯೋ ರಾಯಚೂರಿಗೆ ಕರೆತರುವುದು. ಅಕ್ಕ ಬೇಡಿದ್ದನ್ನು ನಾನು ಕಂಡಿಲ್ಲ.

ಊರಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ ಯಾರ ಹೆಸರನ್ನೂ ಹೇಳುವ ಹಾಗಿಲ್ಲವಲ್ಲ, ಅದಕ್ಕೆ ಅವಳು ಒಬ್ಬೊಬ್ಬರಿಗೂ ಒಂದೊಂದು ಕಾಯಿಪಲ್ಯದ ಹೆಸರಿಟ್ಟಿದ್ದಳು. ಬಸ್ಸಿನಲ್ಲಿ ಕೂತು ನನಗೆ ಫೋನ್ ಹಚ್ಚಿದಳೆಂದರೆ ಹೀಗೆ: "ಮೇಡಂ, ಗೂಗಲ್ಲಿನ ಪುಂಡಿಪಲ್ಯ ಚೊಲೋ ಅದ. ಮಾನ್ವಿ ಹಾಗಲಕಾಯಿ ಮಾತ್ರ ಕೆಡಾಕತ್ತದ. ಮೂರು ದಿನ ಆತು, ನೀರ ಹಾಕಿಲ್ಲ." ಹಾಗೆಂದರೆ ಕೃಷ್ಣೆಯ ದಂಡೆಯ ಗೂಗಲ್ ಎಂಬ ಊರಿನ ಹೆಣ್ಣುಮಗಳು ಸರಿಯಾಗಿ ಗುಳಿಗೆ ನುಂಗುತ್ತಿದ್ದಾಳೆ, ಮಾನ್ವಿಯಲ್ಲಿ ಮನೆ ಕಟ್ಟುವ ಗೌಂಡಿಯೊಬ್ಬ ಮೂರು ದಿನದಿಂದ ನುಂಗಿಲ್ಲ ಎಂದರ್ಥ. ದೇವದುರ್ಗದ ಬಸ್ಸಿನ ಕಂಡಕ್ಟರೊಬ್ಬ ಇದನ್ನೆಲ್ಲ ಕೇಳಿ ಕೇಳಿ ಅವಳು ಕಾಯಿಪಲ್ಯದ ಸಗಟು ವ್ಯಾಪಾರಿ ಎಂದೇ ತಿಳಿದಿದ್ದ. "ಏನಬೇ ಅಕ್ಕಾ, ಗುಂಜಹಳ್ಳಿ ಬದನಿಕಾಯಿ ಹೆಂಗ ಕೊಟ್ಟಿ?" ಎಂದು ಕೇಳಿದನಂತೆ. "ಅವು ನಿನಗ ನಿಲುಕಂಗಿಲ್ಲಪ್ಪ, ಭಾಳ ಜ್ವಾಪಾನ ಮಾಡಿ ಬೆಳಿಸಿದ್ದವು" ಎಂದಳಂತೆ ಇವಳು.

ಗುಳಿಗೆಯನ್ನು ಮನೆಯವರ ಕಣ್ಣಿಗೆ ಬೀಳದಂತೆ ಎಲ್ಲಿಡಬೇಕು ಎನ್ನುವುದು ನಮ್ಮ ಕೋಣೆಯ ದೊಡ್ಡ ಪ್ರಶ್ನೆ. ನಾನು ಪುಸ್ತಕದಲ್ಲಿದ್ದ ಉಪಾಯಗಳನ್ನು ಹೇಳುತ್ತಿದ್ದೆ. ಅಕ್ಕ ಮೊದಮೊದಲು ಎಲೆ ಅಡಿಕೆಯ ಸಂಚಿಯಲ್ಲಿಡಿ ಎಂದು ಹೆಂಗಸರಿಗೆ ಹೇಳಿದಳು. ಅದು ಕೆಟ್ಟಿತು, ಯಾಕೆಂದರೆ ಹತ್ತಿ ಬಿಡಿಸಲು ಹೋದಾಗ ನಾಲ್ಕು ಮಂದಿ ಕೈಚಾಚಿ ಅಡಿಕೆ ಕೇಳುತ್ತಾರೆ. ಆಮೇಲೆ ವಿಭೂತಿ ಚೀಲಕ್ಕೆ ಬಂದಳು. ಬೇರೆಯವರ ವಿಭೂತಿ ಚೀಲಕ್ಕೆ ಯಾರೂ ಕೈಹಾಕುವುದಿಲ್ಲ. ದೇವದುರ್ಗದ ಸುತ್ತ ಇವತ್ತಿಗೂ ಎಷ್ಟೋ ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ನಮ್ಮ ಗುಳಿಗೆಗಳು ತಣ್ಣಗೆ ಕೂತಿವೆ.

ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಮಾಡುವವನೊಬ್ಬ ಗುಳಿಗೆ ಬಿಟ್ಟು, ಇವಳನ್ನು ಕಂಡರೆ ಹಿಂದಿನ ಗೇಟಿನಿಂದ ಓಡುತ್ತಿದ್ದ. ಮೂರು ಸಲ ಹಾಗಾದ ಮೇಲೆ ಅಕ್ಕ ನೆಟ್ಟಗೆ ಅವನ ಮನೆಗೇ ಹೋಗಿ ಅವನ ತಾಯಿಯೆದುರು ಕೂತಳು. "ಯವ್ವಾ, ನನ್ನ ತಂಗಿ ಮಗಳಿಗೆ ವರ ನೋಡಾಕತ್ತೀನಿ. ನಿಮ್ಮ ಮಗ ಚೊಲೋ ಅದಾನಂತ ಕೇಳಿ ಬಂದೀನಿ" ಎಂದಳು. ಆ ತಾಯಿ ಚಹಾ ಕೊಟ್ಟಳು, ಆಮೇಲೆ ಉಪ್ಪಿಟ್ಟು ಕೊಟ್ಟಳು, ಸಂಜೆಯಾಗುತ್ತ ಒಲೆಯ ಮೇಲೆ ಹೂರಣ ಕುದಿಯತೊಡಗಿತು. ಮಗ ಬಂದು ನೋಡಿದರೆ ಪಡಸಾಲೆಯಲ್ಲಿ ಅಕ್ಕ! ಅವನ ಮುಖ ಸುಣ್ಣದಂತಾಯಿತಂತೆ. ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಕರೆದೊಯ್ದು, ತನ್ನೆದುರೇ ಗುಳಿಗೆ ನುಂಗಿಸಿ, ಹೋಗುವಾಗ ತಾಯಿಗೆ ಹೇಳಿದಳಂತೆ: "ಹುಡುಗ ಚೊಲೋ ಅದಾನ್ರಿ ಯವ್ವಾ. ಹೇಳಿದ ಮಾತು ಕೇಳಂಗಿಲ್ಲ, ಅದೊಂದು ಐಬು. ಮುಂದಿನ ತಿಂಗಳ ಮತ್ತ ಬಂದು ನೋಡ್ತೀನಿ." ಈ ಕಥೆಯನ್ನು ಹೇಳುವಾಗ ಅವಳು ತಾನೇ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಮನುಷ್ಯ ಇವತ್ತಿಗೂ ತಪ್ಪದೆ ಬರುತ್ತಾನೆ.

ಇಂಥವಳನ್ನು ಕೆಡಿಸಿದ್ದು ನಾನು. ಹೇಗೆಂದು ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಾಲದ ಹಳೆಯ ಗುಳಿಗೆಗಳು ಬಹಳ ಮಂದಿಗೆ ಒಗ್ಗುತ್ತಿರಲಿಲ್ಲ. ಜೀವ ಉಳಿಸುತ್ತಿದ್ದವು, ನಿಜ. ಆದರೆ ಕೆಲವರಿಗೆ ಅಂಗಾಲು ಉರಿ ಹತ್ತಿ, ಆಮೇಲೆ ಮರಗಟ್ಟುತ್ತಿತ್ತು. ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೂ ತಿಳಿಯದೆ ಬರಿಗಾಲಲ್ಲಿ ಕೋಣೆಯವರೆಗೆ ನಡೆದು ಬಂದವರನ್ನು ನೋಡಿದ್ದೇನೆ. ಕೆಲವರಿಗೆ ಗಲ್ಲ ಒಳಸೇರಿ, ಹೊಟ್ಟೆ ಮುಂದೆ ಬಂದು, ಯಾರಿಗೂ ಹೇಳದಿದ್ದ ರೋಗವನ್ನು ಮುಖವೇ ಊರಿಗೆಲ್ಲ ಹೇಳಿಬಿಡುತ್ತಿತ್ತು. ಕೆಲವರು ರಕ್ತ ಸೋರಿಹೋದಂತೆ ಬಿಳುಚಿಕೊಳ್ಳುತ್ತಿದ್ದರು. ಹೊಸ ಗುಳಿಗೆ ಬಂದ ಮೇಲೆ ಈ ಕಾಟ ಬಹಳ ಕಡಿಮೆಯಾಯಿತು, ಆದರೆ ಹೆದರಿಕೆ ಹೋಗಲಿಲ್ಲ. ಹೊಸದಾಗಿ ಬಂದವರು ಗುಳಿಗೆ ಡಬ್ಬಿಯನ್ನು ಚೇಳು ಕಂಡಂತೆ ನೋಡುತ್ತಿದ್ದರು.

ಆಗ ನನಗೆ ಹೊಳೆದದ್ದು ಅಕ್ಕ. ಹೊಸ ಗುಳಿಗೆ ಬಂದ ಕಾಲಕ್ಕೇ ಅದನ್ನು ಶುರುಮಾಡಿದವಳು, ದುಂಡುದುಂಡಗೆ ಇದ್ದವಳು, ಎರಡು ಕೊಡ ನೀರು ಹೊತ್ತು ಮಾಳಿಗೆ ಹತ್ತುವವಳು. ಹೆದರಿದವರು ಬಂದರೆ ಸಾಕು, ನಾನು ಅಕ್ಕನನ್ನು ಕೂಗುತ್ತಿದ್ದೆ. ಅವಳು ಬಂದು ಅವರೆದುರು ನಿಂತು, ಎರಡೂ ಗಲ್ಲಗಳನ್ನು ತಟ್ಟಿಕೊಂಡು, ತೋಳು ಚಾಚಿ ಹೇಳುತ್ತಿದ್ದಳು: "ನನ್ನ ನೋಡ್ರಿ, ನನಗೇನಾಗ್ಯಾದ? ಒಂದು ದಿನ ತಪ್ಪಿಸಿಲ್ಲ. ಏನರ ಆಗ್ಯಾದೇನು? ಮುಟ್ಟಿ ನೋಡ್ರಿ, ನಾಚಬ್ಯಾಡ್ರಿ." ಮಾನ್ವಿಯ ಆ ಗೌಂಡಿ, ಅದೇ ಹಾಗಲಕಾಯಿ, ತನ್ನ ಗೆಳೆಯನ ಗಲ್ಲ ಇಂಗಿದ್ದನ್ನು ಕಣ್ಣಾರೆ ಕಂಡವನು, ಅರ್ಧ ಗಂಟೆ ನನ್ನ ಉಪದೇಶ ಕೇಳಿಯೂ ಬಾಗಿಲ ಕಡೆಗೇ ನೋಡುತ್ತಿದ್ದವನು, ಅಕ್ಕನನ್ನು ಕಂಡು ಡಬ್ಬಿ ಎತ್ತಿಕೊಂಡ. ನನ್ನ ಮಾತಿಗಿಂತ ಅವಳ ಗಲ್ಲ ಹೆಚ್ಚು ಕೆಲಸ ಮಾಡುತ್ತಿತ್ತು. ದೊಡ್ಡ ಸಾಹೇಬರು ತಪಾಸಣೆಗೆ ಬಂದಾಗಲೂ ಅವಳನ್ನೇ ಮುಂದೆ ನಿಲ್ಲಿಸಿದೆ. ಅವರು ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಾಯಿತು, ಅವಳನ್ನು ನಾನೇ ಮಾಡಿದೆ ಎಂಬಂತೆ ಬೀಗಿದೆ.

ತಿಂಗಳಿಗೊಮ್ಮೆ ಗುಳಿಗೆಗೆ ಬರುವ ಪ್ರತಿಯೊಬ್ಬರ ಹತ್ತಿರವೂ ನಾನು ಕೇಳಿ ಬರೆಯಬೇಕಾದ ಒಂದು ಕಾಲಂ ಇದೆ, ಅಡ್ಡಪರಿಣಾಮ ಎಂದು. ವಾಂತಿಯೇ, ನಿದ್ದೆಯಿಲ್ಲವೇ, ಮೈಮೇಲೆ ಗುಳ್ಳೆಯೇ, ಎಲುಬು ನೋವೇ, ಒಂದೊಂದಾಗಿ ಕೇಳಬೇಕು. ಹೊರಗೆ ಸಾಲು ಬಾಗಿಲು ದಾಟಿರುತ್ತದೆ, ಮಾನ್ವಿ ಬಸ್ಸಿನ ಹೊತ್ತು ಹತ್ತಿರವಾಗಿರುತ್ತದೆ. ಅಕ್ಕನ ಸರದಿ ಬಂದರೆ ನನಗೆ ಉಸಿರು ಬಿಟ್ಟಂತಾಗುತ್ತಿತ್ತು. ಅವಳು ಕುರ್ಚಿಗೆ ಬಂದು ಕೂರುವ ಮೊದಲೇ ಆ ಕಾಲಂನಲ್ಲಿ 'ಇಲ್ಲ' ಎಂದು ಬರೆದು ಮುಗಿಸಿರುತ್ತಿದ್ದೆ. ಆಮೇಲೆ ಇಬ್ಬರೂ ಬೇರೆಯವರ ಕಷ್ಟ ಮಾತಾಡುತ್ತಿದ್ದೆವು.

ಆರು ತಿಂಗಳಿಗೊಮ್ಮೆ ಮೂತ್ರಪಿಂಡದ ರಕ್ತಪರೀಕ್ಷೆ ಇರುತ್ತದೆ. ಈ ಗುಳಿಗೆ ಸಾವಿರ ಮಂದಿಗೆ ಒಗ್ಗಿದರೂ ಯಾರೋ ಒಬ್ಬಿಬ್ಬರಿಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಅದಕ್ಕೆ. ಅಕ್ಕ ತಾನು ಕರೆತಂದವರನ್ನು ರಕ್ತ ತೆಗೆಯುವ ಸಾಲಿನಲ್ಲಿ ಮುಂದೆ ತಳ್ಳಿ, "ಇವರದು ತಗೋರಿ, ದೂರದಿಂದ ಬಂದಾರ, ನಂದು ಮುಂದಿನ ಸಲ" ಎನ್ನುತ್ತಿದ್ದಳು. ಆ ಮುಂದಿನ ಸಲ ಎರಡು ವರ್ಷ ಬರಲಿಲ್ಲ. ಕಾರ್ಡು ನನ್ನ ಮೇಜಿನ ಮೇಲೇ ಇರುತ್ತಿತ್ತು, ಖಾಲಿ ಜಾಗ ಕಣ್ಣಿಗೆ ಬೀಳುತ್ತಿತ್ತು. ಅಕ್ಕನಿಗೇನಾಗುತ್ತದೆ, ನಮ್ಮ ಅಕ್ಕ ತಾನೇ ಎಂದುಕೊಂಡೆ.

ಈಗ ಕೂತು ಹಿಂದಕ್ಕೆ ನೋಡಿದರೆ ಎಲ್ಲ ಕಾಣುತ್ತದೆ. ಬಸ್ಸು ಅರ್ಧ ದಾರಿಯ ಗಬ್ಬೂರಿಗೆ ಬರುವುದರೊಳಗೆ ಅವಳ ನೀರಿನ ಬಾಟಲಿ ಖಾಲಿಯಾಗುತ್ತಿತ್ತು. ಅಲ್ಲಿ ಬಸ್ಸು ನಿಲ್ಲಿಸಿ ಇಳಿಯಲೇಬೇಕು ಎನ್ನುತ್ತಿದ್ದಳಂತೆ. ರಾಯಚೂರಿನ ಬಿಸಿಲಿಗೆ ಯಾರು ನೀರು ಕುಡಿಯುವುದಿಲ್ಲ ಎಂದು ನಾನು ಸುಮ್ಮನಾದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದಳು. ನೆಲದ ಮೇಲೆ ಕೂತರೆ ಏಳಲು ಯಾರದಾದರೂ ಕೈ ಬೇಕಾಯಿತು. ಒಲೆಯ ಮುಂದೆ ಕೂತು ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದವಳು ಅಂಗಡಿಯ ರೊಟ್ಟಿ ಕಟ್ಟಿಕೊಂಡು ಬಂದಳು. ಕೇಳಿದೆ.

"ನಮ್ಮ ಬೋರಿನ ನೀರೇ ಹಂಗ ಅಲ್ರೀ ಮೇಡಂ" ಎಂದಳು. "ನಮ್ಮ ಓಣ್ಯಾಗ ಎಲ್ಲಾರೂ ಟೊಂಕ ಹಿಡ್ಕೊಂಡೇ ಅಡ್ಡಾಡ್ತಾರ."

ಅದೂ ಸುಳ್ಳಲ್ಲ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ನೀರಿನ ಫ್ಲೋರೈಡಿಗೆ ಜನರ ಹಲ್ಲು ಹಳದಿಯಾಗಿ ಕೀಲು ಬಿಗಿಯುತ್ತವೆ. ಹೀಗಾಗಿ ಅವಳ ನೋವು ಊರಿನ ನೋವಿನಲ್ಲಿ ಸೇರಿಹೋಯಿತು. ಡಾಕ್ಟರಿಗೆ ಒಂದು ಮಾತು ಹೇಳೋಣ ಎಂದು ನನಗೂ ಅನ್ನಿಸಲಿಲ್ಲ, ಅವಳಿಗೂ ಬೇಕಿರಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂದು ಮಧ್ಯಾಹ್ನ ಅವಳು ಕುರ್ಚಿಯಲ್ಲಿ ಸರಿದು ಸರಿದು ಕೂರುತ್ತಿದ್ದಳು. ನನಗೆ ಮಂಡಿನೋವು ಇರುವುದರಿಂದ ಪರ್ಸಿನಲ್ಲಿ ಯಾವಾಗಲೂ ನೋವಿನ ಗುಳಿಗೆ ಇರುತ್ತದೆ. ಹತ್ತು ಗುಳಿಗೆಯ ಒಂದು ಹಾಳೆ ತೆಗೆದು ಅವಳ ಕೈಗಿಟ್ಟು, "ತಗೋ ಅಕ್ಕಾ, ಊಟಾದ ಮ್ಯಾಲ ಒಂದು ನುಂಗು. ನಾನೂ ಇದನ್ನೇ ನುಂಗೋದು" ಎಂದೆ. ನನ್ನ ಬೆನ್ನ ಹಿಂದಿನ ಗೋಡೆಯ ಮೇಲೆ ಡಾಕ್ಟರನ್ನು ಕೇಳದೆ ಬೇರೆ ಯಾವ ಗುಳಿಗೆಯನ್ನೂ ತೆಗೆದುಕೊಳ್ಳಬಾರದು ಎಂಬ ಫಲಕವಿತ್ತು. ಅದನ್ನು ಅಲ್ಲಿ ಅಂಟಿಸಿದವಳೂ ನಾನೇ. ಅಕ್ಕನಿಗೆ ಆ ಗುಳಿಗೆಯಿಂದ ಹಾಯೆನಿಸಿತು. ಆಮೇಲೆ ದೇವದುರ್ಗದ ಔಷಧಿ ಅಂಗಡಿಯಲ್ಲಿ ತಾನೇ ಕೊಂಡು ದಿನಕ್ಕೆರಡು ನುಂಗತೊಡಗಿದಳು. ನನಗದು ತಿಳಿದದ್ದು ಕೆಡುವುದೆಲ್ಲ ಕೆಟ್ಟ ಮೇಲೆ.

ಹೋದ ವರ್ಷ ಬೇಸಿಗೆಯ ಕೊನೆಯಲ್ಲಿ ಅವಳು ಹೊಸಬನೊಬ್ಬನೆದುರು ನಿಂತು ಗಲ್ಲ ತಟ್ಟಿಕೊಳ್ಳುತ್ತಿರುವಾಗಲೇ ಕುಸಿದು ಕೂತಳು. ಕೂತವಳು ನನ್ನ ಮೇಜಿನ ಪಕ್ಕದ ಬುಟ್ಟಿಗೆ ವಾಂತಿ ಮಾಡಿಕೊಂಡಳು. ಬಾಯೊರೆಸಿಕೊಂಡು, ಆ ಹೊಸಬನಿಗೆ, "ಗುಳಿಗಿದಲ್ಲಪ್ಪ, ಮುಂಜಾನಿ ಮಿರ್ಚಿ ತಿಂದಿದ್ದೆ, ಅದರದು" ಎಂದಳು. ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಒಳಗಿಳಿದಿದ್ದನ್ನು ನಾನು ಅವತ್ತು ಮೊದಲ ಸಲ ಬಗ್ಗಿ ನೋಡಿದೆ.

ರಕ್ತದ ವರದಿ ಸಂಜೆಗೆ ಬಂತು. ನಮ್ಮ ಡಾಕ್ಟರು ಮೈಸೂರು ಕಡೆಯವರು, ಸಿಟ್ಟು ಬಂದರೂ ದನಿ ಏರಿಸದವರು. ವರದಿ ನೋಡಿ, ಅವಳ ಕಾರ್ಡು ನೋಡಿ, ನನ್ನನ್ನು ಒಳಗೆ ಕರೆದರು.

"ಎಷ್ಟು ದಿನದಿಂದ ಹೀಗಿದಾರೆ ಇವರು?"

"ಗೊತ್ತಿಲ್ಲ ಸರ್."

"ನೀವು ಪ್ರತಿ ತಿಂಗಳೂ 'ಇಲ್ಲ' ಅಂತ ಬರೆದಿದೀರಲ್ಲ ಮೇಡಂ. ಎಲುಬು ನೋವು, ಬಾಯಾರಿಕೆ, ಇವೆಲ್ಲ ಒಂದು ವರ್ಷದಿಂದ ಇರುತ್ತೆ. ಆಗಲೇ ಒಂದು ಮಾತು ಹೇಳಿದ್ರೆ ಗುಳಿಗೆ ಬದಲಾಯಿಸ್ತಿದ್ದೆ. ಬೇರೆ ಗುಳಿಗೆ ನಮ್ಮ ಕಪಾಟಲ್ಲೇ ಇದೆ." ಅವರು ಕಪಾಟಿನ ಕಡೆ ಕೈ ತೋರಿಸಿದರು. ಹತ್ತು ಹೆಜ್ಜೆ ದೂರ. ಅವಳು ಇಷ್ಟು ವರ್ಷ ನುಂಗಿದ ನಮ್ಮ ಗುಳಿಗೆಯ ಜೊತೆ, ತಾವು ಕೇಳಿದಾಗ ಅವಳೇ ಬಾಯಿಬಿಟ್ಟ ನೋವಿನ ಗುಳಿಗೆಯೂ ಸೇರಿ ಎರಡೂ ಮೂತ್ರಪಿಂಡ ಹಾಳಾಗಿವೆ ಎಂದರು. ನೋವಿನ ಗುಳಿಗೆಯನ್ನು ಮೊದಲು ಕೊಟ್ಟವಳು ನಾನು ಎಂದು ಅವತ್ತು ಅವರಿಗೆ ಹೇಳಲಿಲ್ಲ.

ಅದೇ ದಿನ ಗುಳಿಗೆ ಬದಲಾಯಿತು. ಆದರೆ ಕೆಟ್ಟದ್ದು ಕೆಟ್ಟಾಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ದೇವದುರ್ಗದಿಂದ ಬಂದು ಹೋಗುವುದು ಆಗದೆಂದು ರಾಯಚೂರಿನಲ್ಲೇ ತನ್ನ ತಮ್ಮನ ಬಾಡಿಗೆ ಮನೆಯಲ್ಲಿ ಉಳಿದಳು. ನಾನು ಊಟದ ಬಿಡುವಿನಲ್ಲಿ ಡಯಾಲಿಸಿಸ್ ಕೋಣೆಗೆ ಹೋಗಿ ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ದುಂಡು ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆದರೂ ಮೊದಲ ಪ್ರಶ್ನೆ ಅವಳದೇ: "ಹಾಗಲಕಾಯಿ ಬಂದಿತ್ತೇನ್ರೀ ಈ ತಿಂಗಳ?"

ಒಂದು ದಿನ ತಡೆಯದೆ ಕೇಳಿಬಿಟ್ಟೆ. "ಅಕ್ಕಾ, ಇಷ್ಟೆಲ್ಲ ಆಗಾಕತ್ತಿತ್ತು. ನನಗ್ಯಾಕ ಹೇಳ್ಲಿಲ್ಲ?"

"ಹೆಂಗ ಹೇಳ್ಲಿ ಮೇಡಂ? ನಾ ಬಂದು ಕುಂದ್ರೋದ್ರಾಗ ನೀವು ಬರದು ಮುಗಿಸಿರ್ತಿದ್ರಿ. ಬರದದ್ದನ್ನ ನಾ ಹೆಂಗ ಹೊಡದಾಕ್ಲಿ?"

ಅವಳಿಗೆ ನನ್ನನ್ನು ನೋಯಿಸುವ ಮನಸ್ಸಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಮುಂದುವರಿಸಿದಳು.

"ಅದೂ ಅಲ್ದ, ನಲವತ್ತು ಮಂದಿ ನನ್ನ ಮಾರಿ ನೋಡಿ ಗುಳಿಗಿ ನುಂಗಾಕತ್ಯಾರ. ನನಗ ತಕ್ಲೀಫ್ ಅದ ಅಂದ್ರ ನಾಳೆ ಅವರು ಡಬ್ಬಿ ತಗೊಂಡು ತಿಪ್ಪಿಗೆ ಒಗೀತಾರ. ಒಬ್ಬಾಕಿದು ಹೋದ್ರ ಹೋಗ್ಲಿ ಅಂದೆ. ಇಷ್ಟು ಜಲ್ದಿ ಹೋಗ್ತದಂತ ಗೊತ್ತಿದ್ದಿಲ್ರಿ."

ನೋವಿನ ಗುಳಿಗೆಯ ವಿಷಯ ಅವಳಿಗೆ ಹೇಳಿದೆ, ನಾನು ಕೊಟ್ಟದ್ದರಿಂದ ಹೀಗಾಯಿತು ಎಂದೆ. ಹೇಳುತ್ತ ಅತ್ತೂಬಿಟ್ಟೆ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. "ನೀವು ಕೊಟ್ಟಿದ್ದು ಒಂದೇ ಹಾಳಿ ಅಲ್ರೀ, ಉಳಿದಿದ್ದು ನಾನೇ ತಗೊಂಡೀನಿ. ಸುಮ್ಮನಾಗ್ರಿ, ಮಂದಿ ನೋಡಾಕತ್ಯಾರ" ಎಂದಳು. ಅವಳು ಕ್ಷಮಿಸಿದಳು. ನನಗೆ ಅದರಿಂದ ಸಮಾಧಾನವಾಗಲಿಲ್ಲ, ಇವತ್ತಿಗೂ ಆಗಿಲ್ಲ. ಮಾರನೆಯ ದಿನ ಡಾಕ್ಟರಿಗೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಐದು ತಿಂಗಳು ಎಳೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ಹೋದಳು. ದೇವದುರ್ಗದಲ್ಲಿ ಮಣ್ಣು ಮಾಡಿದರು. ನಾನು ದವಾಖಾನೆಯವಳು, ಹೋಗಿ ನಿಂತೆ. ಅವಳು ಬದುಕಿಸಿದವರು ಒಬ್ಬರೂ ಬರಲಿಲ್ಲ. ಬಂದರೆ ನೆರೆಹೊರೆಯವರು ನಿಮಗೂ ಇವಳಿಗೂ ಹೇಗೆ ಗುರುತು ಎಂದು ಕೇಳುತ್ತಾರಲ್ಲ! ಅಳುವುದಕ್ಕೂ ಅವರಿಗೊಂದು ನೆಪ ಬೇಕಿತ್ತು.

ಆ ನೆಪ ಹುಡುಕಿದವಳು ಗೂಗಲ್ಲಿನ ಹೆಣ್ಣುಮಗಳು, ಅಕ್ಕ ಪುಂಡಿಪಲ್ಯ ಎನ್ನುತ್ತಿದ್ದಳಲ್ಲ, ಆಕೆ. ಫೋನ್ ಮಾಡಿ, "ಅಮಾಸಿಗೆ ನಮ್ಮೂರ ಗುಡಿಗೆ ಬರ್ರಿ ಮೇಡಂ. ಅವತ್ತ ನೂರಾರು ಮಂದಿ ಬರ್ತಾರ, ಯಾರೂ ಯಾರನ್ನೂ ಯಾಕ ಬಂದ್ರಿ ಅಂತ ಕೇಳಂಗಿಲ್ಲ. ದವಾಖಾನಿ ಸಾಲಿನಾಗ ಗುರ್ತಾದ ನಮ್ಮೋರಿಗೆಲ್ಲಾ ಹೇಳೀನಿ" ಎಂದಳು. ಹೋದೆ. ಅಲ್ಲಮಪ್ರಭುವಿನ ಗುಡಿಗೆ ನಮಸ್ಕಾರ ಮಾಡಿ, ಕೃಷ್ಣೆಯ ದಂಡೆಯಲ್ಲಿ ಒಂದು ಬೇವಿನ ಮರದ ಕೆಳಗೆ ಕೂತೆವು. ಹನ್ನೊಂದು ಮಂದಿ ಬಂದಿದ್ದರು. ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿದರು. ನೋಡಿದವರಿಗೆ ಯಾವುದೋ ಒಂದು ಮನೆತನದವರು ದೇವರಿಗೆ ಬಂದಂತೆ ಕಾಣುತ್ತಿತ್ತು. ಅಕ್ಕನ ಒಂದೊಂದು ಮಾತು ನೆನೆಸಿಕೊಂಡು ನಕ್ಕರು, ಅತ್ತರು. ವರ ನೋಡಲು ಹೋದ ಕಥೆಯನ್ನು ಆ ಮಿಲ್ಲಿನವನೇ ತನ್ನ ಬಾಯಿಂದ ಹೇಳಿದ.

ಊಟ ಮುಗಿಯುತ್ತ ಬಂದಾಗ ಮಾನ್ವಿಯ ಗೌಂಡಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಕೇಳಿದ: "ಮೇಡಂ, ಅಕ್ಕ ಗುಳಿಗಿಯಿಂದಾನೇ ಸತ್ಲು ಅಂತಾರ. ಖರೇನ್ರೀ?"

ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು.

ಇಲ್ಲ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹದಿನೇಳು ವರ್ಷ ಬಳಸಿದ ಮಾತು, ತಾನಾಗಿ ಬರುತ್ತದೆ. ಹೌದೆಂದರೆ ಈ ಹನ್ನೊಂದು ಮಂದಿಯಲ್ಲಿ ಎಷ್ಟು ಜನ ಇವತ್ತೇ ಗುಳಿಗೆ ಬಿಡುತ್ತಾರೋ, ಬಿಟ್ಟವರು ಎಷ್ಟು ದಿನ ಬದುಕುತ್ತಾರೋ! ಅಕ್ಕ ಜೀವ ಕೊಟ್ಟು ಕಾಪಾಡಿದ್ದನ್ನು ನಾನು ಒಂದು ಮಾತಿನಲ್ಲಿ ಕೆಡವಿದಂತಾಗುತ್ತದೆ. ಇಲ್ಲವೆಂದರೆ ಇವರಲ್ಲಿ ಇನ್ನೊಬ್ಬರು ಅವಳ ಹಾದಿ ಹಿಡಿಯುತ್ತಾರೆ. ನೀರು ಕುಡಿದೆ.

"ಖರೆ" ಎಂದೆ. "ಹನ್ನೆರಡು ವರ್ಷ ಆಕೀನ್ನ ಉಳಿಸಿದ್ದೂ ಆ ಗುಳಿಗಿನೇ. ಕಡೀಕ ಆಕಿ ಮೂತ್ರಪಿಂಡಕ್ಕ ಒಗ್ಗದ ಹೋಗಿದ್ದೂ ಆ ಗುಳಿಗಿನೇ. ಅದರ ಮ್ಯಾಲ ನೋವಿನ ಗುಳಿಗಿ ನುಂಗಿದ್ಲು. ಅದನ್ನ ಮೊದಲ ಕೊಟ್ಟಾಕಿ ನಾನು. ಬ್ಯಾರೆ ಗುಳಿಗಿ ಇತ್ತು, ಬದಲಿ ಮಾಡಿದ್ರ ಇವತ್ತ ಇಲ್ಲೇ ಕುಂತಿರ್ತಿದ್ಲು. ನಾ ಆಕೀನ್ನ ಒಂದು ದಿನ ಕೇಳ್ಲಿಲ್ಲ. ಆಕಿ ಹೇಳ್ಲಿಲ್ಲ."

ಗೌಂಡಿ ಎದ್ದು ನಿಂತ. ಹೊರಟೇಬಿಟ್ಟ ಎಂದುಕೊಂಡೆ. ಅವನು ನಾಲ್ಕು ಹೆಜ್ಜೆ ಹೋಗಿ, ಹೊಳೆಯ ಕಡೆ ಮುಖ ಮಾಡಿ ನಿಂತು, ಮತ್ತೆ ಬಂದು ಕೂತ.

ಆಗ ಗೂಗಲ್ಲಿನ ಹೆಣ್ಣುಮಗಳು ತಲೆಯೆತ್ತದೆ ಹೇಳಿದಳು: "ನನಗೂ ಟೊಂಕದಾಗ ನೋವದ್ರಿ. ಒಂದು ವರ್ಷ ಆತು. ಕುಂತ್ರ ಏಳಾಕ ಬರಂಗಿಲ್ಲ. ಅಕ್ಕಗ ಹೇಳಿದ್ದೆ."

"ಏನಂದ್ಲು?"

"'ನನಗೂ ಅದ, ನಾ ಸುಮ್ಮನಿಲ್ಲೇನು? ಮೇಡಂ ಮುಂದ ಬಾಯಿ ಬಿಡಬ್ಯಾಡ, ಉಳಿದೋರು ಹೆದರ್ತಾರ' ಅಂತಂದು ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಹಾಕ್ಸಿದ್ಲು. ನೋವಿನ ಗುಳಿಗಿ ಆಕಿನೇ ತಂದು ಕೊಟ್ಲು."

ನನ್ನ ಪರ್ಸಿನಿಂದ ಹೊರಟ ಆ ಹಾಳೆ ಇಲ್ಲಿಯವರೆಗೂ ಬಂದಿತ್ತು. ಅಕ್ಕನ ಮೇಲೆ ಸಿಟ್ಟು ಬಂತು, ಅವಳು ಸತ್ತ ಮೇಲೆ ಮೊದಲ ಸಲ. ಆಮೇಲೆ ಆ ಸಿಟ್ಟು ನನ್ನ ಮೇಲೇ ತಿರುಗಿತು. ಅವಳಿಗೆ ಬಾಯಿ ಮುಚ್ಚುವುದನ್ನು ಕಲಿಸಿದವಳು ನಾನು, ಅವಳು ಅದನ್ನೇ ಇವರಿಗೆ ಕಲಿಸಿದಳು. ಅಷ್ಟರಲ್ಲಿ ಮಿಲ್ಲಿನವನು ತನಗೆ ನಿದ್ದೆ ಬರದೆ ಆರು ತಿಂಗಳಾಯಿತೆಂದ. ಇನ್ನೊಬ್ಬಾಕೆ ಕಾಲು ಊದುತ್ತವೆ ಎಂದಳು. ಗೌಂಡಿಯೂ ತಗ್ಗಿದ ದನಿಯಲ್ಲಿ ಏನೋ ಹೇಳಿದ.

"ಇವತ್ತ ಗುಳಿಗಿ ತಗೋಬೇಕೋ ಬ್ಯಾಡೋ?" ಎಂದು ಗೂಗಲ್ಲಿನವಳು ಕೇಳಿದಳು.

ಈ ಪ್ರಶ್ನೆಗೆ ನಾನು ಯಾವತ್ತೂ ತಡವರಿಸಿದವಳಲ್ಲ. "ನನಗ ಗೊತ್ತಿಲ್ಲವ್ವಾ. ಕೇಳ್ತೀನಿ ತಡಿ" ಎಂದು ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಎಲ್ಲ ಕೇಳಿಸಿಕೊಂಡರು. "ನಮ್ಮ ಗುಳಿಗೆ ಇವತ್ತು ತಗೊಳ್ಳಲಿ, ಬಿಡೋದು ಬೇಡ. ನೋವಿನ ಗುಳಿಗೆ ಮಾತ್ರ ಒಂದೂ ಮುಟ್ಟೋ ಹಾಗಿಲ್ಲ. ನಾಳೆ ಬೆಳಗ್ಗೆ ಮೊದಲು ಅವರ ರಕ್ತ ತೆಗೆಯೋಣ, ನಾನೇ ಬೇಗ ಬರ್ತೀನಿ" ಎಂದರು. ಆಮೇಲೆ, "ನೋವು ಎಲ್ಲಿ, ಎಷ್ಟು ದಿನದಿಂದ, ಸರಿಯಾಗಿ ಕೇಳಿ ಹೇಳಿ ಮೇಡಂ" ಎಂದರು.

ನಾನು ಬಾಯಿ ತೆರೆಯುವುದರೊಳಗೆ ಗೂಗಲ್ಲಿನವಳು ನನ್ನ ಹೆಗಲ ಮೇಲೆ ಕೈಯೂರಿ, ನೋವಿಗೆ ಹಲ್ಲು ಕಚ್ಚಿ ಎದ್ದು ನಿಂತಳು. ನನ್ನ ಕೈಯಿಂದ ಫೋನ್ ತೆಗೆದುಕೊಂಡಳು. ಹೊಳೆಯಲ್ಲಿ ಮುಳುಗು ಹಾಕುತ್ತಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

"ಡಾಕ್ಟ್ರ, ನಾನೇ ಹೇಳ್ತೀನಿ. ನನಗ ಒಂದಲ್ಲ, ನಾಕು ತಕ್ಲೀಫ್ ಅದಾವ. ಫೋನ್ ಇಡಬ್ಯಾಡ್ರಿ."